‘ಲೆಟ್ ಸ್ಲೀಪಿಂಗ್ ಡಾಗ್ಸ್ ಲೈ’: ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು?

ಹೊಸ ಮಾತುಗಾರ:
ಎಲ್ಲರಿಗೂ ನಮಸ್ಕಾರ. ‘ಲೆಟ್ ಸ್ಲೀಪಿಂಗ್ ಡಾಗ್ಸ್ ಲೈ’ ಅನ್ನೋ ಇಂಗ್ಲಿಷ್ ನುಡಿಗಟ್ಟಿನ ಬಗ್ಗೆ ಕೇಳಬೇಕಿತ್ತು. ಮಲಗಿರೋ ನಾಯಿಯನ್ನು ಎಬ್ಬಿಸಬೇಡ, ಸುಮ್ನೆ ತಂಟೆ ಯಾಕೆ ಅನ್ನೋ ಅರ್ಥ ಅಂತ ಗೊತ್ತು. ಆದರೆ ಬಳಸೋಕೆ ಹೋದಾಗ ಅನುಮಾನ ಬರುತ್ತದೆ.

ವಿಷಯ ಇಷ್ಟೇ. ನಮ್ಮ ಆಫೀಸಿನಲ್ಲಿ ಒಂದು ಕೆಲಸ ತಡ ಆಗಿದ್ದಕ್ಕೆ ಯಾರು ಕಾರಣ ಅಂತ ಎರಡು ಟೀಮುಗಳ ನಡುವೆ ಹೋದ ವರ್ಷ ದೊಡ್ಡ ಜಗಳ ಆಗಿತ್ತು. ಈಗ ಎಲ್ಲ ತಣ್ಣಗಾಗಿದೆ, ಒಟ್ಟಿಗೆ ಕೂತು ಕೆಲಸ ಮಾಡುತ್ತಿದ್ದಾರೆ. ಹೊಸದಾಗಿ ಬಂದ ಮ್ಯಾನೇಜರ್ ಆ ಹಳೇ ಮೇಲ್‌ಗಳನ್ನೆಲ್ಲ ತೆಗೆದು ನೋಡೋಣ ಅಂತಿದ್ದಾರೆ. ಬೇಡ ಅಂತ ಅವರಿಗೆ ಬರೆಯಬೇಕು. ‘ವೀ ಶುಡ್ ಲೆಟ್ ದ ಸ್ಲೀಪಿಂಗ್ ಡಾಗ್ ಲೈ’ ಅಂತ ಬರೆದು ಡ್ರಾಫ್ಟ್‌ನಲ್ಲಿ ಇಟ್ಟಿದ್ದೇನೆ. ಇದು ಸರೀನಾ? ಇನ್ನೊಂದು ಟೀಮಿನವರನ್ನು ನಾಯಿ ಅಂದ ಹಾಗೆ ಆಗಲ್ವಾ? ಮತ್ತೆ ಆ ‘ಲೈ’ ಸುಳ್ಳು ಹೇಳೋ ಲೈ ಅಲ್ಲ ತಾನೇ?

ವ್ಯಾಕರಣದ ಹುಳು:
ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಸುಳ್ಳಿಗೂ ಇದಕ್ಕೂ ಸಂಬಂಧ ಇಲ್ಲ. ಇಲ್ಲಿ ಲೈ ಅಂದರೆ ಮಲಗಿರು, ಬಿದ್ದಿರು. ಕೆಲವರು ‘ಲೆಟ್ ಸ್ಲೀಪಿಂಗ್ ಡಾಗ್ಸ್ ಲೇ’ ಅಂತಲೂ ಬರೆಯುತ್ತಾರೆ, ಅದು ತಪ್ಪು. ‘ಲೇ’ ಅಂದರೆ ಏನನ್ನೋ ಕೆಳಗೆ ಇಡುವುದು. ಇಲ್ಲಿ ನಾಯಿ ಏನನ್ನೂ ಇಡುತ್ತಿಲ್ಲ, ತಾನೇ ಮಲಗಿದೆ.

ಎರಡನೆಯದು, ‘ದ ಸ್ಲೀಪಿಂಗ್ ಡಾಗ್’ ಬೇಡ. ‘ದ’ ಸೇರಿಸಿ ಏಕವಚನ ಮಾಡಿದ ಕೂಡಲೇ ಗಾದೆ ಎದ್ದು ಹೋಗಿ ನಿಜವಾದ ಒಂದು ನಾಯಿ ಬಂದು ಕೂರುತ್ತದೆ, ಓದುವವರು ಅದು ಯಾರು ಅಂತ ಹುಡುಕೋಕೆ ಶುರು ಮಾಡುತ್ತಾರೆ. ಇನ್ನೊಂದು ಟೀಮಿನವರನ್ನು ನಾಯಿ ಅಂದ ಹಾಗೆ ಆಗುತ್ತದೆ ಅನ್ನೋ ನಿಮ್ಮ ಭಯ ಹುಟ್ಟುವುದೂ ಅಲ್ಲೇ. ಬಹುವಚನದಲ್ಲಿ, ಮುಂದೆ ‘ದ’ ಇಲ್ಲದೆ, ಇದ್ದ ಹಾಗೇ ಹೇಳಿದರೆ ಇಂಗ್ಲಿಷ್ ಮಾತಾಡುವವರ ಕಿವಿಗೆ ಬೈಗುಳ ಕೇಳಿಸುವುದಿಲ್ಲ. ಅದನ್ನೇ ಕನ್ನಡಕ್ಕೆ ಪದಕ್ಕೆ ಪದ ತಂದು, ಮಲಗಿರೋ ನಾಯಿ ಮಲಗಿರಲಿ ಬಿಡಿ ಅಂತ ಯಾರ ಎದುರಾದರೂ ಹೇಳಿದರೆ ಮಾತ್ರ ಜಗಳ ಗ್ಯಾರಂಟಿ.

ಪೂರ್ತಿ ಹೇಳಬೇಕಂತಲೂ ಇಲ್ಲ. ಮಾತಿನ ನಡುವೆ ಬರೀ ‘ಸ್ಲೀಪಿಂಗ್ ಡಾಗ್ಸ್’ ಅಂದು ಹುಬ್ಬು ಹಾರಿಸಿದರೂ ಸಾಕು, ಎದುರಿನವರಿಗೆ ಅರ್ಥ ಆಗುತ್ತದೆ.

ಪುಕ್ಕಲ:
ನನಗೆ ಗೊತ್ತಿರೋ ಒಂದೇ ವ್ಯಾಕರಣ: ನಾಯಿ ಎದ್ದರೆ ನಾನು ಓಡುತ್ತೇನೆ.

ಜಗಲಿ ಮಾತು:
ನಮ್ಮಲ್ಲಿ ಇದಕ್ಕೆ ಮಾತಿಗೇನು ಬರ ಸ್ವಾಮಿ. ‘ಇರಲಾರದೆ ಇರುವೆ ಬಿಟ್ಟುಕೊಂಡ’ ಅನ್ನುತ್ತೇವೆ. ‘ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ’ ಅನ್ನುತ್ತೇವೆ. ಹುತ್ತಕ್ಕೆ ಕೈ ಹಾಕಬೇಡ, ಜೇನುಗೂಡಿಗೆ ಕಲ್ಲು ಹೊಡೆಯಬೇಡ. ಮ್ಯಾನೇಜರ್‌ಗೆ ಕನ್ನಡ ಬಂದರೆ ಇದರಲ್ಲಿ ಒಂದನ್ನು ಎಸೆಯಿರಿ, ನಾಯಿಯ ಗೊಡವೆಯೇ ಬೇಡ.

ಸಂಜೆ ಓದು:
ಜಗಲಿ ಅವರೇ, ಪಟ್ಟಿ ಚೆನ್ನಾಗಿದೆ, ಆದರೆ ಎಲ್ಲವೂ ಒಂದೇ ಅಲ್ಲ. ಇರುವೆ ಬಿಟ್ಟುಕೊಂಡದ್ದು ಕೆಲಸ ಕೆಟ್ಟ ಮೇಲೆ ಆಡೋ ಮಾತು, ಅದರಲ್ಲಿ ಸ್ವಲ್ಪ ನಗೆಯೂ ಇದೆ, ಅನುಭವಿಸು ಮಗನೇ ಅನ್ನೋ ಧಾಟಿ. ಮಾರಿಯ ಮಾತಿನಲ್ಲಿ ಕಷ್ಟ ನಮ್ಮದೇ ಅಲ್ಲ, ದಾರಿಯಲ್ಲಿ ತನ್ನ ಪಾಡಿಗೆ ಹೋಗುತ್ತಿತ್ತು, ನಾವೇ ಒಳಗೆ ಕರೆದೆವು. ನಾಯಿಯ ಮಾತು ಹಾಗಲ್ಲ. ಆ ನಾಯಿ ಮೊದಲೇ ಇಲ್ಲಿದೆ, ಹಿಂದೆ ಒಮ್ಮೆ ಬೊಗಳಿದೆ ಅಥವಾ ಕಚ್ಚಿದೆ, ಈಗ ಮಲಗಿದೆ, ಅದು ಎಲ್ಲರಿಗೂ ಗೊತ್ತು. ಈ ‘ಹಿಂದೆ ಒಮ್ಮೆ’ ಅನ್ನೋದು ಮುಖ್ಯ. ಹಳೇ ಜಗಳ, ಹಳೇ ವ್ಯಾಜ್ಯ, ಹಳೇ ಪ್ರೇಮ, ಇಂಥವಕ್ಕೇ ಇಂಗ್ಲಿಷಿನವರು ಇದನ್ನು ಜಾಸ್ತಿ ಬಳಸುತ್ತಾರೆ.

ನಿಜ ಹೇಳಬೇಕಂದರೆ ನಮ್ಮಲ್ಲಿ ಇದಕ್ಕೆ ಹತ್ತಿರ ಇರೋದು ಗಾದೆಯಲ್ಲ, ಒಂದು ಕ್ರಿಯಾಪದ. ಕೆದಕಬೇಡ. ಹಳೇದನ್ನು ಕೆದಕಬೇಡ ಅಂದರೆ ಮುಗಿಯಿತು.

ಇನ್ನೊಂದು ಮಜಾ ನೋಡಿ. ‘ಬೂದಿ ಮುಚ್ಚಿದ ಕೆಂಡ’ ಅನ್ನುತ್ತೇವಲ್ಲ, ಅದು ಇದಕ್ಕೆ ಪೂರಾ ಉಲ್ಟಾ. ಎರಡರಲ್ಲೂ ಮೇಲೆ ಶಾಂತಿ, ಒಳಗೆ ಅಪಾಯ. ನಾಯಿಯ ಗಾದೆ, ಶಾಂತವಾಗಿದೆಯಲ್ಲ, ಅಷ್ಟು ಸಾಕು ಅನ್ನುತ್ತದೆ. ಕೆಂಡದ ಮಾತು, ಈ ಶಾಂತಿ ನಂಬಬೇಡ ಅನ್ನುತ್ತದೆ. ನಿಮ್ಮ ಆಫೀಸಿನ ಜಗಳ ಇವೆರಡರಲ್ಲಿ ಯಾವುದು ಅಂತ ಮೊದಲು ನೋಡಿಕೊಳ್ಳಿ.

ಹೊಸ ಮಾತುಗಾರ:
ಸಂಜೆ ಓದು ಅವರೇ, ಅದು ನಾಯಿಯೇ ಅಂತ ನನ್ನ ನಂಬಿಕೆ. ಇಬ್ಬರೂ ಕೂತು ಮಾತಾಡಿ, ಮುಂದೆ ಯಾರು ಯಾವಾಗ ಏನು ಕೊಡಬೇಕು ಅಂತ ಬರೆದಿಟ್ಟುಕೊಂಡೇ ಮುಗಿಸಿದ್ದಾರೆ. ಈ ಮಾತು ಎಷ್ಟು ಹಳೆಯದು? ವಿದೇಶಿ ಕ್ಲೈಂಟ್‌ಗಳ ಮುಂದೆ ಹಳಸಲು ಅನಿಸಲ್ವಾ?

ಹಳೇ ಪೆಟ್ಟಿಗೆ:
ಹಳೆಯದು ಅಂದರೆ ತುಂಬಾ ಹಳೆಯದು. 14ನೇ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲಿಷ್ ಕವಿ ಚಾಸರ್ ಬರೆದ ‘ಟ್ರಾಯಿಲಸ್ ಅಂಡ್ ಕ್ರಿಸೈಡ್’ ಕಾವ್ಯದಲ್ಲೇ ಬರುತ್ತದೆ. ಅಲ್ಲಿ ಇರೋದು ಬೇಟೆನಾಯಿ. 1546ರಲ್ಲಿ ಜಾನ್ ಹೇವುಡ್ ಇಂಗ್ಲಿಷ್ ಗಾದೆಗಳನ್ನು ಒಟ್ಟುಮಾಡಿ ಪುಸ್ತಕ ಮಾಡಿದ, ಅದರಲ್ಲಿ ಮಲಗಿದ ನಾಯಿಯನ್ನು ಎಬ್ಬಿಸೋದು ಕೆಟ್ಟದ್ದು ಅನ್ನೋ ರೂಪದಲ್ಲಿ ಇದೆ. ಶೇಕ್ಸ್‌ಪಿಯರ್‌ನ ‘ನಾಲ್ಕನೇ ಹೆನ್ರಿ’ ಎರಡನೇ ಭಾಗದಲ್ಲಿ ನಾಯಿಯ ಬದಲು ತೋಳ ಮಲಗಿದೆ. 19ನೇ ಶತಮಾನದ ಹೊತ್ತಿಗೆ ನಾವು ಈಗ ಹೇಳೋ ರೂಪ ಬಳಕೆಯಲ್ಲಿತ್ತು. ಹಳಸಿದೆ ಅನ್ನೋಕಾಗಲ್ಲ, ಇವತ್ತಿಗೂ ಮಾತಿನಲ್ಲಿ ದಿನಾ ಬರುತ್ತದೆ.

ಚಾಸರ್ ಕಾವ್ಯದಲ್ಲಿ ಆ ಮಾತು ಬರೋ ಜಾಗ ನೋಡಬೇಕು ನೀವು. ರಾತ್ರಿ ಹೊತ್ತು. ಪ್ಯಾಂಡರಸ್ ತನ್ನ ಸೋದರಸೊಸೆ ಕ್ರಿಸೈಡಳ ಕೋಣೆಗೆ ಗುಟ್ಟಾಗಿ ಬಂದಿದ್ದಾನೆ. ಅವಳು ಗಾಬರಿಯಾಗಿ ಯಾರನ್ನಾದರೂ ಕೂಗಲಾ ಅಂತಾಳೆ. ಆಗ ಅವನು, ಮಲಗಿದ ನಾಯಿಯನ್ನು ಎಬ್ಬಿಸೋದು ಒಳ್ಳೇದಲ್ಲ, ಯಾರಿಗೂ ಊಹೆ ಮಾಡೋಕೆ ಅವಕಾಶ ಕೊಡೋದೂ ಒಳ್ಳೇದಲ್ಲ, ನಿನ್ನ ಹೆಂಗಸರೆಲ್ಲ ನಿದ್ದೆ ಮಾಡುತ್ತಿದ್ದಾರೆ ಅನ್ನೋ ಅರ್ಥದಲ್ಲಿ ಹೇಳುತ್ತಾನೆ. ಅಂದರೆ ಇಲ್ಲಿ ಈ ಮಾತು ಆಡೋನು ಶಾಂತಿ ಬಯಸೋ ಜ್ಞಾನಿಯಲ್ಲ. ತನ್ನ ಗುಟ್ಟಿನ ಕೆಲಸ ಕೆಡಬಾರದು ಅಂತ ಬೇರೆಯವರ ನಿದ್ದೆ ಕಾಯೋ ಮಧ್ಯವರ್ತಿ.

ಹಾಗಾಗಿ ಈ ನುಡಿಗಟ್ಟಿಗೆ ಶುರುವಿನಿಂದಲೂ ಒಂದು ಮುಚ್ಚುಮರೆಯ ವಾಸನೆ ಇದೆ. ಹೊಸ ಮ್ಯಾನೇಜರ್‌ಗೆ ಇದನ್ನು ಬರೆದು ಕಳಿಸಿದರೆ ಅವರಿಗೆ ಮೊದಲು ಬರೋ ಯೋಚನೆ, ಇವರು ಏನು ಅಡಗಿಸುತ್ತಿದ್ದಾರೆ ಅನ್ನೋದೇ.

ನೈಟ್ ಶಿಫ್ಟ್:
ಒಪ್ಪೋಕೆ ಆಗಲ್ಲ ಸರ್. 600 ವರ್ಷದ ಹಿಂದೆ ಯಾವನೋ ಯಾಕೆ ಹೇಳಿದ ಅಂತ ಇವತ್ತಿನ ಮೇಲ್ ಓದೋರಿಗೆ ಹೇಗೆ ಗೊತ್ತಾಗುತ್ತದೆ? ಜನ ಇದನ್ನು ದಿನಾ ಬಳಸುತ್ತಾರೆ, ತೊಂದರೆ ತಪ್ಪಿಸೋಕೆ ಬಳಸುತ್ತಾರೆ, ಅಷ್ಟೇ. ನಾನು ಸಾಫ್ಟ್‌ವೇರ್ ಕೆಲಸದವನು. ಯಾರೋ ಬರೆದ ಹಳೇ ಕೋಡ್, ನೋಡೋಕೆ ಅಸಹ್ಯ, ಆದರೆ ಓಡುತ್ತಿದೆ. ಮುಟ್ಟೋಕೆ ಹೋದರೆ ಮೂರು ಕಡೆ ಒಡೆಯುತ್ತದೆ. ಅಲ್ಲಿ ನಾವು ಹೇಳೋದು ಇದನ್ನೇ. ಯಾರೂ ಏನೂ ಅಡಗಿಸುತ್ತಿಲ್ಲ.

ಹಳೇ ಪೆಟ್ಟಿಗೆ:
ನೈಟ್ ಶಿಫ್ಟ್ ಅವರೇ, ಚಾಸರ್ ಗೊತ್ತಿರಬೇಕಿಲ್ಲ. ಮಾತು ಯಾರ ಬಾಯಿಂದ ಬರುತ್ತದೆ ಅನ್ನೋದು ಸಾಕು. ಹೊರಗಿನವರು ಹೇಳಿದರೆ ಅದು ಸಲಹೆ. ನಾಯಿ ಎದ್ದರೆ ತಾನೇ ಕಚ್ಚಿಸಿಕೊಳ್ಳುವವನು ಹೇಳಿದರೆ ಅದು ಬಿನ್ನಹ. ಓದುವವರು ಇದನ್ನು ಥಟ್ಟಂತ ಹಿಡಿಯುತ್ತಾರೆ.

ಬ್ರಿಟನ್ನಿನ ರಾಬರ್ಟ್ ವಾಲ್ಪೋಲ್ ಕಥೆ ತಗೊಳ್ಳಿ. 1721ರಿಂದ 1742ರವರೆಗೆ ಅಧಿಕಾರದಲ್ಲಿದ್ದವನು, ಅಲ್ಲಿನ ಮೊದಲ ಪ್ರಧಾನಿ ಅಂತ ಕರೆಯೋದು ಅವನನ್ನೇ. ಅವನ ರಾಜಕೀಯಕ್ಕೆ ಈ ಗಾದೆಯನ್ನು ಅಂಟಿಸಿ ಹೇಳೋದು ರೂಢಿ. ಲ್ಯಾಟಿನ್‌ನಲ್ಲಿ ‘ಕ್ವಿಯೇಟಾ ನಾನ್ ಮೊವೇರೆ’, ನೆಮ್ಮದಿಯಾಗಿ ಇರೋದನ್ನು ಅಲುಗಾಡಿಸಬೇಡ. ಅಮೆರಿಕದ ವಸಾಹತುಗಳ ವಿಷಯದಲ್ಲಿ ಅವನು ಮಾಡಿದ್ದು ಅದೇ. ವ್ಯಾಪಾರದ ಕಾನೂನುಗಳು ಪುಸ್ತಕದಲ್ಲಿದ್ದವು, ಬಿಗಿಯಾಗಿ ಜಾರಿ ಮಾಡೋಕೆ ಹೋಗಲಿಲ್ಲ. ಅವರ ಪಾಡಿಗೆ ಅವರು ವ್ಯಾಪಾರ ಮಾಡಿಕೊಂಡಿದ್ದರು, ಬ್ರಿಟನ್ನಿಗೂ ಲಾಭ ಬರುತ್ತಿತ್ತು. ಅವನ ನಂತರ ಬಂದವರಿಗೆ ಆ ತಾಳ್ಮೆ ಇರಲಿಲ್ಲ. 1765ರಲ್ಲಿ ಸ್ಟ್ಯಾಂಪ್ ಆಕ್ಟ್ ತಂದು ಪತ್ರಿಕೆ, ಕರಾರು ಪತ್ರ, ಕೊನೆಗೆ ಇಸ್ಪೀಟು ಎಲೆಗೂ ತೆರಿಗೆ ಹಾಕಿದರು. ಗಲಾಟೆ ಎಷ್ಟಾಯಿತು ಅಂದರೆ ಮರುವರ್ಷವೇ ವಾಪಸ್ ತಗೊಂಡರು. ಆದರೆ ಎದ್ದದ್ದು ಮತ್ತೆ ಮಲಗಲಿಲ್ಲ. 1775ಕ್ಕೆ ಯುದ್ಧ, 1776ಕ್ಕೆ ಸ್ವಾತಂತ್ರ್ಯ ಘೋಷಣೆ.

ಇದು ಗಾದೆಯ ಒಳ್ಳೇ ಮುಖ. ಅದೇ ವಾಲ್ಪೋಲನ ಇನ್ನೊಂದು ಮುಖ ಸೌತ್ ಸೀ ಕಂಪನಿ ಹಗರಣ. 1720ರಲ್ಲಿ ಆ ಷೇರಿನ ಬೆಲೆ ಗಾಳಿಪಟದ ಹಾಗೆ ಏರಿ ಕುಸಿಯಿತು, ಜನ ಬೀದಿಗೆ ಬಂದರು, ಮಂತ್ರಿಗಳೇ ಕಂಪನಿಯಿಂದ ಷೇರು ತಿಂದಿದ್ದಾರೆ ಅಂತ ತನಿಖೆ ಶುರುವಾಯಿತು. ವಾಲ್ಪೋಲ್ ಏನು ಮಾಡಿದ ಗೊತ್ತಾ? ದೊಡ್ಡವರಲ್ಲಿ ಕೆಲವರು ಬಚಾವಾಗೋ ಹಾಗೆ ನೋಡಿಕೊಂಡ. ದೇಶದ ಹಣಕಾಸು ನಿಲ್ಲಬೇಕಾದರೆ ಇದನ್ನು ಇಲ್ಲಿಗೆ ಬಿಡಬೇಕು ಅನ್ನೋ ಲೆಕ್ಕ ಅವನದು. ಅದರಲ್ಲೂ ಸ್ವಲ್ಪ ಸತ್ಯ ಇರಬಹುದು, ಆದರೆ ಜನ ಅವನಿಗೆ ‘ಸ್ಕ್ರೀನ್ ಮಾಸ್ಟರ್ ಜನರಲ್’ ಅಂತ ಅಡ್ಡಹೆಸರು ಇಟ್ಟರು. ಪರದೆ ಹಿಡಿಯೋರ ಮುಖ್ಯಸ್ಥ. ಹಣ ಕಳೆದುಕೊಂಡವನಿಗೆ ಸ್ಲೀಪಿಂಗ್ ಡಾಗ್ಸ್ ಅಂತ ಹೇಳಿದರೆ ಹೇಗಿರುತ್ತದೆ, ಯೋಚನೆ ಮಾಡಿ.

ಜಗಲಿ ಮಾತು:
ಆಹಾ. ಕಳ್ಳನೇ ಬಂದು ನಾಯಿ ಮಲಗಿರಲಿ ಬಿಡಿ ಅಂದ ಹಾಗೆ.

ನೈಟ್ ಶಿಫ್ಟ್:
ಸರಿ ಸರ್, ಆ ಮಾತು ಹೌದು. ಆದರೂ ನನ್ನ ಕೋಡ್ ವಿಷಯ ನಿಲ್ಲುತ್ತದೆ.

ಬೆಳಗಿನ ಪಾಳಿ:
ನಿಮ್ಮ ಕೋಡ್ ಉದಾಹರಣೆಗೆ ಬೇರೆಯೇ ಮಾತಿದೆಯಲ್ಲಾ ನೈಟ್ ಶಿಫ್ಟ್. ‘ಇಫ್ ಇಟ್ ಏಂಟ್ ಬ್ರೋಕ್, ಡೋಂಟ್ ಫಿಕ್ಸ್ ಇಟ್’. ಕೆಟ್ಟಿಲ್ಲ ಅಂದ ಮೇಲೆ ರಿಪೇರಿ ಯಾಕೆ. 1977ರಲ್ಲಿ ಅಮೆರಿಕದ ಕಾರ್ಟರ್ ಸರ್ಕಾರದ ಬಜೆಟ್ ನಿರ್ದೇಶಕ ಬರ್ಟ್ ಲ್ಯಾನ್ಸ್ ಹೇಳಿ ಹೆಸರಾದ ಮಾತು. ಓಡುತ್ತಿರೋ ಯಂತ್ರ, ವ್ಯವಸ್ಥೆ, ಕೋಡ್, ಇವಕ್ಕೆಲ್ಲ ಅದು. ಸ್ಲೀಪಿಂಗ್ ಡಾಗ್ಸ್ ಮನುಷ್ಯರ ನಡುವಿನ ವಿಷಯಕ್ಕೆ ಚೆನ್ನಾಗಿ ಕೂರುತ್ತದೆ. ಕೋಡಿಗೆ ಹೇಳಬಾರದು ಅಂತಿಲ್ಲ, ಆದರೆ ಕೇಳಿದವರಿಗೆ ಅಲ್ಲೇನೋ ಭಯಂಕರ ಬಗ್ ಮಲಗಿದೆ ಅನಿಸುತ್ತದೆ. ಅದು ನಿಜವೇ ಆಗಿದ್ದರೆ ಬೇರೆ ಮಾತು!

ಅದರಲ್ಲೂ ಸೆಕ್ಯುರಿಟಿ ಬಗ್ ಇದ್ದರೆ ದಯವಿಟ್ಟು ನಾಯಿ, ಬೆಕ್ಕು ಅಂತ ಕೂರಬೇಡಿ. ನೀವು ಎಬ್ಬಿಸದಿದ್ದರೆ ಬೇರೆ ಯಾರೋ ಎಬ್ಬಿಸುತ್ತಾರೆ.

ಮೌನಿ:
ತೊಂದರೆ ತಪ್ಪಿಸೋ ಬೇರೆ ಇಂಗ್ಲಿಷ್ ಮಾತುಗಳ ಜೊತೆ ಇದು ಕಲಸಿಹೋಗುತ್ತದೆ ನನಗೆ. ‘ಡೋಂಟ್ ರಾಕ್ ದ ಬೋಟ್’, ‘ಕ್ಯಾನ್ ಆಫ್ ವರ್ಮ್ಸ್’, ‘ಲೆಟ್ ಬೈಗಾನ್ಸ್ ಬಿ ಬೈಗಾನ್ಸ್’. ಯಾರಾದರೂ ಬಿಡಿಸಿ ಹೇಳಿ.

ಸಂಜೆ ಓದು:
ಬೋಟಿನ ಮಾತು ಈಗ ನಡೆಯುತ್ತಿರೋ ವಿಷಯಕ್ಕೆ. ಎಲ್ಲರೂ ಒಂದೇ ದೋಣಿಯಲ್ಲಿ ಕೂತಿದ್ದೇವೆ, ನೀನೊಬ್ಬ ಎದ್ದು ಅಲುಗಾಡಿಸಬೇಡ. ಇದರಲ್ಲಿ ಹಳೇ ಜಗಳ ಇರಬೇಕಿಲ್ಲ. ಹೆಚ್ಚಾಗಿ ಮೇಲಿನವರು ಕೆಳಗಿನವರಿಗೆ ಹೇಳೋ ಮಾತು, ನನಗಂತೂ ಅಷ್ಟು ಇಷ್ಟ ಇಲ್ಲ.

ಹುಳುಗಳ ಡಬ್ಬಿ ತೆರೆದ ಮೇಲಿನ ಅವಸ್ಥೆ. ಒಂದು ಸಮಸ್ಯೆ ಬಿಡಿಸೋಕೆ ಹೋಗಿ ಹತ್ತು ಹೊರಬಂದವು. ನಾಯಿಯಲ್ಲಿ ಏನು ಎದ್ದು ಬರುತ್ತದೆ ಅಂತ ಮೊದಲೇ ಗೊತ್ತು. ಡಬ್ಬಿಯಲ್ಲಿ ಎಷ್ಟಿವೆ ಅಂತ ಗೊತ್ತಿಲ್ಲ.

ಬೈಗಾನ್ಸ್ ಅಂದರೆ ಕ್ಷಮೆ. ಆಗಿದ್ದು ಆಗಿಹೋಯಿತು, ಇಬ್ಬರೂ ಮರೆಯೋಣ ಅನ್ನೋದು. ಇದನ್ನು ಜಗಳ ಆಡಿದವರೇ ಒಬ್ಬರಿಗೊಬ್ಬರು ಹೇಳಿಕೊಳ್ಳಬಹುದು. ಸ್ಲೀಪಿಂಗ್ ಡಾಗ್ಸ್‌ನಲ್ಲಿ ಕ್ಷಮೆಯ ಸುಳಿವೇ ಇಲ್ಲ. ಸಿಟ್ಟು ಹಾಗೇ ಇದೆ, ಮಲಗಿದೆ ಅಷ್ಟೇ. ಸ್ನೇಹಿತನ ಜೊತೆ ರಾಜಿ ಆಗೋವಾಗ ಬಾಯಿ ತಪ್ಪಿ ಇದನ್ನು ಹೇಳಿದರೆ, ಓಹೋ ಇವನಿಗೆ ಇನ್ನೂ ಒಳಗೆ ಇದೆ ಅಂತ ಅರ್ಥ ಮಾಡಿಕೊಳ್ಳುತ್ತಾನೆ.

ಇನ್ನು ‘ಡೋಂಟ್ ಪೋಕ್ ದ ಬೇರ್’ ಅಂತ ಒಂದಿದೆ. ಕರಡಿಯನ್ನು ತಿವಿಯಬೇಡ. ಸಿಡುಕು ಮೋರೆಯ ಒಬ್ಬ ವ್ಯಕ್ತಿಯನ್ನು ಬೇಕಂತಲೇ ಕೆಣಕೋ ವಿಷಯಕ್ಕೆ ಅದು. ತಮಾಷೆಯ ಧಾಟಿ ಜಾಸ್ತಿ.

ಅಲೆಮಾರಿ:
ಬೇರೆ ಭಾಷೆಗಳಲ್ಲಿ ಮಲಗಿರೋ ಪ್ರಾಣಿ ಬದಲಾಗುತ್ತದೆ. ಫ್ರೆಂಚರಿಗೆ ಮಲಗಿದ ಬೆಕ್ಕು. ಜರ್ಮನ್, ಇಟಾಲಿಯನ್ ಎರಡರಲ್ಲೂ ನಾಯಿಯೇ. ಕೊರಿಯಾದಲ್ಲಿ ಮಲಗಿದ ಹುಲಿಯ ಮೂಗಿಗೆ ಚುಚ್ಚೋದು, ಅಬ್ಬಾ. ರಷ್ಯನ್ನರು ಪ್ರಾಣಿಯನ್ನೇ ತೆಗೆದುಹಾಕಿದ್ದಾರೆ, ಕೇಡು ಸದ್ದಿಲ್ಲದೆ ಇರೋವಾಗ ಅದನ್ನು ಎಬ್ಬಿಸಬೇಡ ಅಂತಾರೆ, ಅದೂ ಪ್ರಾಸ ಹಾಕಿ. ಬ್ರೆಜಿಲ್‌ನಲ್ಲಿ ಜಾಗ್ವಾರನ್ನು ಗಿಡ್ಡ ಕೋಲಿನಿಂದ ತಿವಿಯಬೇಡ ಅಂತಾರೆ. ಉದ್ದ ಕೋಲು ಇದ್ದರೆ ಪರವಾಗಿಲ್ಲವೋ ಏನೋ.

ಜಪಾನಿನವರದು ನನಗೆ ಎಲ್ಲಕ್ಕಿಂತ ಹಿಡಿಸಿತು. ಮಲಗಿದ ಮಗುವನ್ನು ಎಬ್ಬಿಸಬೇಡ. ಎಳೆಮಗು ಇರೋ ಮನೆಯವರನ್ನು ಕೇಳಿ, ಹುಲಿಗಿಂತ ಇದೇ ಭಯ ಅಂತಾರೆ.

ಆದರೆ ಅಲ್ಲಿ ಈ ಮಾತಿಗೆ ಒಂದು ಗಂಭೀರ ಚರಿತ್ರೆ ಇದೆ. ಬುರಾಕು ಅಂತ ಕರೆಯೋ, ತಲೆಮಾರುಗಳಿಂದ ಹೊರಗಿಟ್ಟ ಸಮುದಾಯ ಅಲ್ಲಿದೆ. ಹಿಂದೆ ಚರ್ಮದ ಕೆಲಸ, ಸತ್ತ ಪ್ರಾಣಿಗಳ ಕೆಲಸ ಮಾಡುತ್ತಿದ್ದವರನ್ನು ಕೀಳಾಗಿ ಕಂಡದ್ದರ ಮುಂದುವರಿಕೆ ಅದು. 1871ರಲ್ಲಿ ಸರ್ಕಾರ ಆ ಭೇದವನ್ನು ಕಾಗದದ ಮೇಲೆ ತೆಗೆದುಹಾಕಿತು, ಮದುವೆ, ಕೆಲಸದ ವಿಷಯದಲ್ಲಿ ಅದು ಹೋಗಲಿಲ್ಲ. ಇದರ ಬಗ್ಗೆ ಮಾತೇ ಆಡದಿದ್ದರೆ ಹೊಸಬರಿಗೆ ಗೊತ್ತಾಗಲ್ಲ, ತಾನಾಗಿ ಸತ್ತುಹೋಗುತ್ತದೆ, ಮಲಗಿದ ಮಗುವನ್ನು ಯಾಕೆ ಎಬ್ಬಿಸೋದು ಅನ್ನೋ ವಾದ ಹುಟ್ಟಿಕೊಂಡಿತು. ಆ ವಾದಕ್ಕೆ ಈ ಗಾದೆಯದೇ ಹೆಸರು. ಭೇದದ ವಿರುದ್ಧ ಹೋರಾಡುವವರು ಇದನ್ನು ಕಟುವಾಗಿ ವಿರೋಧಿಸುತ್ತಾರೆ. ಯಾಕಂದರೆ ಮಗು ಮಲಗಿದೆ ಅಂತ ಹೇಳುತ್ತಿರೋದು ಹೊರಗಿನವರು, ಅನುಭವಿಸುತ್ತಿರೋರು ಯಾವತ್ತೂ ಕಣ್ಣು ಮುಚ್ಚಿಲ್ಲ.

ಮೌನಿ:
ಅಲೆಮಾರಿ ಅವರೇ, ಈ ಕೊನೆಯ ಮಾತು ಮನೆ ಜಗಳಕ್ಕೂ ಸರಿಹೋಗುತ್ತದೆ. ನಮ್ಮ ಸಂಬಂಧಿಕರ ಪೈಕಿ ಒಬ್ಬರು ದೊಡ್ಡವರು ಅಣ್ಣತಮ್ಮಂದಿರ ಆಸ್ತಿ ವಿಷಯ ಬಂದಾಗಲೆಲ್ಲ ಹಳೇದು ಬಿಡ್ರೋ, ಈಗ ಎಲ್ಲ ಚೆನ್ನಾಗಿದ್ದೇವಲ್ಲ ಅಂತಾರೆ. ಚೆನ್ನಾಗಿರೋದು ಜಾಸ್ತಿ ಭಾಗ ಬಂದವರು. ಕಮ್ಮಿ ಬಂದವರು ತಟ್ಟೆ ನೋಡಿಕೊಂಡು ಸುಮ್ಮನೆ ಕೂತಿರುತ್ತಾರೆ, ಎದ್ದುಹೋಗೋಕೂ ಆಗದೆ.

ವ್ಯಾಕರಣದ ಹುಳು:
ಮೇಲ್ ವಿಷಯಕ್ಕೆ ಬರೋಣ, ಹೊಸ ಮಾತುಗಾರರು ಡ್ರಾಫ್ಟ್ ಹಿಡಿದು ಕಾಯುತ್ತಿದ್ದಾರೆ. ನನ್ನ ಪ್ರಕಾರ ನುಡಿಗಟ್ಟು ಮೇಲ್‌ನಿಂದ ತೆಗೆಯಿರಿ. ಕಾಫಿ ಕುಡಿಯುತ್ತಾ ಜೊತೆಯವರಿಗೆ ಹೇಳೋಕೆ ಚೆನ್ನಾಗಿದೆ. ಮ್ಯಾನೇಜರ್ ಈಗಾಗಲೇ ಕೇಳಿಬಿಟ್ಟಿದ್ದಾರೆ. ಕೇಳಿದ ಮೇಲೆ ಈ ಮಾತು ಬರೆದರೆ ಅವರ ಪ್ರಶ್ನೆಯೇ ತಪ್ಪು ಅಂದ ಹಾಗೆ. ಮೂರು ವಾಕ್ಯದಲ್ಲಿ ಮುಗಿಸಿ. ಈ ವಿಷಯವನ್ನು ಎರಡೂ ಟೀಮಿನವರು ಕೂತು ಬಗೆಹರಿಸಿಕೊಂಡಿದ್ದಾರೆ. ಏನು ತೀರ್ಮಾನ ಆಯಿತು ಅನ್ನೋ ಕಾಗದ ಇದರ ಜೊತೆ ಇದೆ. ಹಳೆಯ ಮೇಲ್‌ಗಳು ನಿಮಗೆ ಬೇಕೇ ಬೇಕು ಅಂದರೆ ಕಳಿಸುತ್ತೇನೆ, ಆದರೆ ಈಗಿನ ಕೆಲಸಕ್ಕೆ ಅದರಿಂದ ತೊಂದರೆ ಆಗಬಹುದು ಅಂತ ನನಗನಿಸುತ್ತದೆ.

ಆ ತೀರ್ಮಾನದ ಕಾಗದ ಕಳಿಸೋದು ಮುಖ್ಯ. ಅದು ಕೈಗೆ ಸಿಕ್ಕರೆ ಬಹಳಷ್ಟು ಮ್ಯಾನೇಜರುಗಳು ಮುಂದೆ ಕೆದಕಲ್ಲ, ಅಷ್ಟು ಪುರುಸೊತ್ತೂ ಇರಲ್ಲ.

ಹೊಸ ಮಾತುಗಾರ:
ಹುಳು ಸರ್, ತುಂಬಾ ಥ್ಯಾಂಕ್ಸ್. ಕಾಗದ ನನ್ನ ಹತ್ತಿರಾನೇ ಇದೆ, ಹಾಗೇ ಬರೆಯುತ್ತೇನೆ.

ಪುಕ್ಕಲ:
ಒಂದು ಡೌಟು. ಒಬ್ಬ ಕಂಪನಿಯ ಆಫರ್ ಬಿಟ್ಟ, ಆಮೇಲೆ ಆ ಕಂಪನಿಯೇ ಮುಚ್ಚಿಹೋಯಿತು. ಆಗ ಅವನು ಲೆಟ್ ಸ್ಲೀಪಿಂಗ್ ಡಾಗ್ಸ್ ಅನ್ನಬಹುದಾ?

ಬೆಳಗಿನ ಪಾಳಿ:
ಇಲ್ಲ ಗುರು. ಅದು ‘ಡಾಡ್ಜ್ಡ್ ಎ ಬುಲೆಟ್’. ಕೂದಲೆಳೆಯಲ್ಲಿ ಪಾರಾದ ಅಂತ ನಾವು ಹೇಳೋದು. ನಾಯಿಯ ಮಾತು ಮುಂದೆ ಬರೋ ತೊಂದರೆಗೆ, ಗುಂಡಿನ ಮಾತು ತಪ್ಪಿಹೋದ ತೊಂದರೆಗೆ. ಅದೃಷ್ಟದಿಂದ ತಪ್ಪಿದರೂ ನಡೆಯುತ್ತದೆ, ಬುದ್ಧಿ ಉಪಯೋಗಿಸಿ ತಪ್ಪಿಸಿಕೊಂಡರೂ ನಡೆಯುತ್ತದೆ.

ಪುಕ್ಕಲ:
ಮತ್ತೆ ಆ ಕಂಪನಿಗೆ ಸೇರಿದವನಿಗೆ?

ಬೆಳಗಿನ ಪಾಳಿ:
ಹಳೇ ಕೆಲಸ ಕಷ್ಟ ಅಂತ ಬಿಟ್ಟು ಅಲ್ಲಿಗೆ ಹೋಗಿದ್ದರೆ ‘ಔಟ್ ಆಫ್ ದ ಫ್ರೈಯಿಂಗ್ ಪ್ಯಾನ್ ಇಂಟು ದ ಫೈರ್’. ಬಾಣಲೆಯಿಂದ ಬೆಂಕಿಗೆ. ಸುಮ್ನೆ ಸಂಬಳ ಜಾಸ್ತಿ ಅಂತ ಹೋಗಿದ್ದರೆ ಯಾವ ನುಡಿಗಟ್ಟೂ ಬೇಡ, ಬೇರೆ ಕೆಲಸ ಹುಡುಕೋಕೆ ಹೇಳಿ.